ಹಸಿದವರ ಗಿಡ, ಉಂಡವರ ಮಾತ್ರೆ

ಎಕ್ಕದ ಗಿಡ ಗೊತ್ತಿಲ್ಲದ ಕನ್ನಡಿಗರು ಕಡಿಮೆ. ಆ ಎಕ್ಕಕ್ಕೆ ಆಫ್ರಿಕಾದ ದಕ್ಷಿಣ ತುದಿಯಲ್ಲಿ ಒಬ್ಬ ದಾಯಾದಿ ಇದ್ದಾನೆ. ಹೆಸರು ಹೂಡಿಯಾ ಗೋರ್ಡೋನಿ. ನೋಡಿದವರು ಪಾಪಾಸುಕಳ್ಳಿ ಎಂದೇ ತಿಳಿಯುತ್ತಾರೆ. ಎಲೆ ಎಂಬುದಿಲ್ಲ. ಬೂದು ಮಿಶ್ರಿತ ಹಸಿರು ಬಣ್ಣದ ದಪ್ಪ ಕಾಂಡಗಳು ಬುಡದಿಂದ ಹಿಂಡುಹಿಂಡಾಗಿ ಮೇಲೇಳುತ್ತವೆ, ಮೈಯುದ್ದಕ್ಕೂ ಸಾಲುಗಟ್ಟಿದ ಮುಳ್ಳು. ಚೆನ್ನಾಗಿ ಬೆಳೆದರೆ ಎತ್ತರ ಒಂದು ಮೀಟರಿನ ಆಸುಪಾಸು. ಆದರೆ ಪಾಪಾಸುಕಳ್ಳಿಯ ವಂಶಕ್ಕೂ ಇದಕ್ಕೂ ನಂಟಿಲ್ಲ. ಹೂ ಬಿಟ್ಟಾಗ ಗುಟ್ಟು ರಟ್ಟಾಗುತ್ತದೆ. ಮಾಂಸದ ಬಣ್ಣದ, ಬಟ್ಟಲಗಲದ ಹೂ. ವಾಸನೆಯೂ ಕೊಳೆತ ಮಾಂಸದ್ದೇ. ಆ ನಾತಕ್ಕೆ ಮರುಳಾಗಿ ಬರುವ ನೊಣಗಳೇ ಇದರ ಪರಾಗಸ್ಪರ್ಶದ ಕೆಲಸ ಮುಗಿಸಿಕೊಡುತ್ತವೆ.

ಇಂಥ ಗಿಡವೊಂದು ಇಪ್ಪತ್ತು ವರ್ಷಗಳ ಹಿಂದೆ ಅಮೆರಿಕ, ಯುರೋಪುಗಳಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಹುಚ್ಚೆಬ್ಬಿಸಿತ್ತು. ಹಸಿವನ್ನೇ ಕೊಲ್ಲುವ, ಅಡ್ಡಪರಿಣಾಮವಿಲ್ಲದ, ಸಾವಿರಾರು ವರ್ಷಗಳಿಂದ ಆದಿವಾಸಿಗಳು ತಿನ್ನುತ್ತ ಬಂದಿರುವ ನೈಸರ್ಗಿಕ ವಸ್ತು ಎಂಬುದು ಜಾಹೀರಾತಿನ ಮಾತು. ಈ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಒಗ್ಗರಣೆ ಎಂದು ನೋಡುವುದು ಇವತ್ತಿಗೂ ಅಗತ್ಯ. ಯಾಕೆಂದರೆ ಆ ಮಾತ್ರೆಗಳು ಹುಡುಕಿದರೆ ಈಗಲೂ ಸಿಗುತ್ತವೆ, ಅದೇ ಅಚ್ಚಿನ ಜಾಹೀರಾತುಗಳು ಬೇರೆ ಬೇರೆ ಗಿಡಗಳ ಹೆಸರಿನಲ್ಲಿ ನಮ್ಮ ಫೋನಿಗೂ ಬರುತ್ತಿವೆ.

ಮೊದಲು ಗಿಡದ ಒಡೆಯರ ಮಾತು. ಬೋಟ್ಸ್ವಾನಾ, ನಮೀಬಿಯಾ, ದಕ್ಷಿಣ ಆಫ್ರಿಕಾ, ಅಂಗೋಲಾಗಳಲ್ಲಿ ಹರಡಿಕೊಂಡಿರುವ ಸಾನ್ ಜನರ ಸಂಖ್ಯೆ ಸುಮಾರು ಒಂದು ಲಕ್ಷ. ಬೇಟೆ ಮತ್ತು ಗೆಡ್ಡೆಗೆಣಸಿನ ಮೇಲೆ ಬದುಕಿದವರು, ಜಾಡು ಹಿಡಿಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಕಲಹಾರಿಯಲ್ಲಿ ಬಾಣ ತಗುಲಿದ ಪ್ರಾಣಿ ಅಲ್ಲೇ ಬೀಳುವುದಿಲ್ಲ. ಬಾಣದ ತುದಿಯ ವಿಷ ಏರಲು ಹೊತ್ತು ಹಿಡಿಯುತ್ತದೆ, ಪ್ರಾಣಿ ಓಡುತ್ತದೆ, ಬೇಟೆಗಾರ ಅದರ ಹೆಜ್ಜೆ ನೋಡಿಕೊಂಡು ನಡೆಯುತ್ತಾನೆ. ಒಂದು ದಿನ, ಕೆಲವೊಮ್ಮೆ ಎರಡು ಮೂರು ದಿನ. ಬುತ್ತಿ ಹೊತ್ತು ತಿರುಗುವಂತಿಲ್ಲ, ನೀರಂತೂ ಎಲ್ಲೆಂದರಲ್ಲಿ ಇಲ್ಲ. ದಾರಿಯಲ್ಲಿ ಹೂಡಿಯಾ ಕಂಡರೆ ಒಂದು ಕಾಂಡ ಕತ್ತರಿಸಿ, ಮುಳ್ಳಿನ ಏಣುಗಳನ್ನು ಚಾಕುವಿನಿಂದ ಹೆರೆದು ಹಾಕಿ, ಒಳಗಿನ ನೀರು ತುಂಬಿದ ತಿರುಳನ್ನು ಹಸಿಯಾಗಿಯೇ ಅಗಿಯುತ್ತಾರೆ. ಕಹಿಯಾದ ಸೌತೆಕಾಯಿ ತಿಂದಂತೆ ಇರುತ್ತದೆ ಎಂದು ತಿಂದವರು ಹೇಳುತ್ತಾರೆ. ಹೊಟ್ಟೆಯ ಚುರುಚುರು ನಿಲ್ಲುತ್ತದೆ, ಬಾಯಾರಿಕೆಯೂ ತಗ್ಗುತ್ತದೆ, ಮತ್ತೆ ನಡಿಗೆ. ಬೇಟೆ ಸಿಕ್ಕ ಮೇಲೆ ಎಲ್ಲರೂ ಸೇರಿ ಹೊಟ್ಟೆ ತುಂಬ ಉಣ್ಣುತ್ತಾರೆ. ಊಟ ಸಿಗುವ ತನಕ ತಾಳಿಕೊಳ್ಳಲು ತಿಂದ ಗಿಡ ಅದು. ಊಟ ಮುಂದಿದ್ದೂ ಬೇಡವೆನಿಸಲಿ ಎಂದು ಸಾನ್ ಜನ ಯಾರೂ ಅದನ್ನು ತಿಂದದ್ದಿಲ್ಲ.

ಹೊರಗಿನವರಿಗೆ ಈ ವಿಷಯ ತಿಳಿದದ್ದು ನಿನ್ನೆ ಮೊನ್ನೆಯಲ್ಲ. ಗಿಡಕ್ಕೆ ಯಾರ ಹೆಸರಿಟ್ಟರೋ ಆ ಕರ್ನಲ್ ರಾಬರ್ಟ್ ಗೋರ್ಡನ್ ಡಚ್ಚರ ಸೇನಾಧಿಕಾರಿ. ಹದಿನೆಂಟನೇ ಶತಮಾನದಲ್ಲಿ ಆರೆಂಜ್ ನದಿಯ ಸೀಮೆಯಲ್ಲಿ ತಿರುಗಿ ಇದರ ಚಿತ್ರ ಬರೆಸಿಟ್ಟಿದ್ದ. 1796ರಲ್ಲಿ ಫ್ರಾನ್ಸಿಸ್ ಮ್ಯಾಸನ್ ಎಂಬ ಸಸ್ಯ ಸಂಗ್ರಾಹಕ, ಇದೇ ಬಳಗದ ಗಿಡಗಳನ್ನು ಸ್ಥಳೀಯರು ತಿನ್ನುತ್ತಾರೆಂದು ದಾಖಲಿಸಿದ. ಎಲ್ಲಕ್ಕಿಂತ ಸ್ವಾರಸ್ಯದ್ದು ರುಡಾಲ್ಫ್ ಮಾರ್ಲಾತ್ ಎಂಬ ಸಸ್ಯವಿಜ್ಞಾನಿ ಬರೆದ, 1932ರಲ್ಲಿ ಪ್ರಕಟವಾದ ಅನುಭವ. ಒಮ್ಮೆ ಬಾಯಾರಿ ಕಂಗೆಟ್ಟಾಗ ಜೊತೆಯಲ್ಲಿದ್ದ ಸ್ಥಳೀಯ ಮಾರ್ಗದರ್ಶಿಯನ್ನು ನೋಡಿ ತಾನೂ ಹೂಡಿಯಾದ ಸೋದರ ಜಾತಿಯೊಂದನ್ನು ಅಗಿದನಂತೆ. ಶಿಬಿರ ಮುಟ್ಟಿದ ಮೇಲೂ ಇಡೀ ದಿನ ಅವನಿಗೆ ಏನನ್ನೂ ತಿನ್ನಲಾಗಲಿಲ್ಲವಂತೆ. ಮುಂದೆ ಬಂದ ಕೋಟಿಗಟ್ಟಲೆ ವ್ಯವಹಾರಕ್ಕೆಲ್ಲ ಬೀಜ ಇಂಥ ಕೆಲವು ಸಾಲುಗಳೇ.

ಬಿತ್ತಿದ್ದು ದಕ್ಷಿಣ ಆಫ್ರಿಕಾದ ಸಿಎಸ್‌ಐಆರ್. ನಮ್ಮಲ್ಲೂ ಇದೇ ಹೆಸರಿನ ಸಂಸ್ಥೆಯಿದೆ, ಇದು ಅವರದ್ದು, ಅಲ್ಲಿನ ಸರ್ಕಾರಿ ಸಂಶೋಧನಾ ಮಂಡಳಿ. 1963ರಲ್ಲಿ ಅವರು ಕಾಡಿನಲ್ಲಿ ಸಿಗುವ ತಿನ್ನಬಲ್ಲ ಗಿಡಗಳ ಪರಿಶೀಲನೆ ಶುರುಮಾಡಿದರು. ಹೂಡಿಯಾ ತಿನ್ನಿಸಿದ ಪ್ರಯೋಗಾಲಯದ ಪ್ರಾಣಿಗಳ ತೂಕ ಇಳಿಯಿತು. ಆದರೆ ಗಿಡದೊಳಗಿನ ಯಾವ ರಾಸಾಯನಿಕ ಈ ಕೆಲಸ ಮಾಡುತ್ತಿದೆ ಎಂದು ಬಿಡಿಸಿ ನೋಡುವ ಉಪಕರಣಗಳು ಕೈಗೆ ಬರುವಷ್ಟರಲ್ಲಿ ಎರಡು ದಶಕ ಕಳೆದಿತ್ತು. ಕೊನೆಗೆ ಸಿಕ್ಕ ಅಣುವಿಗೆ ಪಿ57 ಎಂದು ಹೆಸರಿಟ್ಟು 1995ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಅದರ ಹಕ್ಕನ್ನು ಬ್ರಿಟನ್ನಿನ ಫೈಟೋಫಾರ್ಮ್ ಎಂಬ ಸಣ್ಣ ಕಂಪನಿಗೆ ಕೊಟ್ಟರು. ಫೈಟೋಫಾರ್ಮ್ 1998ರಲ್ಲಿ ದೈತ್ಯ ಫೈಜರ್ ಜೊತೆ ಕೈಜೋಡಿಸಿತು. ಒಪ್ಪಂದದ ಮೊತ್ತ ಎಲ್ಲ ಹಂತಗಳನ್ನು ದಾಟಿದರೆ 3 ಕೋಟಿ 20 ಲಕ್ಷ ಡಾಲರ್.

ಇಷ್ಟೆಲ್ಲ ಆದರೂ ಸಾನ್ ಜನರಿಗೆ ಒಂದು ಮಾತು ತಿಳಿಸಿದವರಿಲ್ಲ. 2001ರಲ್ಲಿ ಬ್ರಿಟನ್ನಿನ ಅಬ್ಸರ್ವರ್ ಪತ್ರಿಕೆ ಇದನ್ನು ಬಯಲಿಗೆಳೆದಾಗ ಜಗತ್ತಿಗೆ ಇನ್ನೊಂದು ಸಂಗತಿಯೂ ಗೊತ್ತಾಯಿತು. ಆ ಜನಾಂಗ ಅಳಿದುಹೋಗಿದೆ ಎಂದು ಫೈಟೋಫಾರ್ಮಿನ ಮುಖ್ಯಸ್ಥರು ನಂಬಿಕೊಂಡಿದ್ದರು! ಅದಕ್ಕೆ ಎರಡು ವರ್ಷ ಮುಂಚೆ, 1999ರಲ್ಲಿ, ದಕ್ಷಿಣ ಆಫ್ರಿಕಾ ಸರ್ಕಾರವೇ ಖೊಮಾನಿ ಸಾನ್ ಜನರ ಭೂಮಿಯ ಹಕ್ಕು ಒಪ್ಪಿ ಕಲಹಾರಿಯಲ್ಲಿ ಸಾವಿರಾರು ಹೆಕ್ಟೇರ್ ನೆಲ ಹಿಂದಿರುಗಿಸಿತ್ತು. ಅದರ ಸುದ್ದಿ ಪತ್ರಿಕೆಗಳಲ್ಲೂ ಬಂದಿತ್ತು. ಒಂದು ಜನಾಂಗದ ತಿಳಿವಳಿಕೆ ಬೇಕು, ಆ ಜನಾಂಗ ಬದುಕಿದೆಯೋ ಇಲ್ಲವೋ ಎಂದು ವಿಚಾರಿಸುವ ವ್ಯವಧಾನ ಮಾತ್ರ ಇರಲಿಲ್ಲ.

ಸಾನ್ ಜನ ಸುಮ್ಮನೆ ಕೂರಲಿಲ್ಲ. ರೋಜರ್ ಚೆನೆಲ್ಸ್ ಎಂಬ ವಕೀಲರ ನೆರವಿನಿಂದ, ತಮ್ಮದೇ ಸಾನ್ ಕೌನ್ಸಿಲ್ ಕಟ್ಟಿಕೊಂಡು ಮಾತುಕತೆಗೆ ಇಳಿದರು. ಪೇಟೆಂಟ್ ರದ್ದಾಗಲಿ ಎಂದು ಕೋರ್ಟಿಗೆ ಹೋಗುವ ದಾರಿಯೂ ಇತ್ತು. ಆದರೆ ಪೇಟೆಂಟ್ ಬಿದ್ದುಹೋದರೆ ಹಂಚಿಕೊಳ್ಳಲು ಏನೂ ಉಳಿಯುವುದಿಲ್ಲ. ಅವರು ಪಾಲು ಕೇಳಿದರು. 2003ರ ಮಾರ್ಚಿನಲ್ಲಿ ಸಿಎಸ್‌ಐಆರ್ ಜೊತೆ ಒಪ್ಪಂದ ಆಯಿತು. ಔಷಧ ತಯಾರಿಕೆಯ ಪ್ರತಿ ಹಂತ ದಾಟಿದಾಗ ಸಿಎಸ್‌ಐಆರ್‌ಗೆ ಬರುವ ಹಣದಲ್ಲಿ ಶೇಕಡಾ 8, ಮುಂದೆ ಮಾರಾಟ ಶುರುವಾದರೆ ಅದಕ್ಕೆ ಬರುವ ರಾಯಲ್ಟಿಯಲ್ಲಿ ಶೇಕಡಾ 6. ಶೇಕಡಾ 6 ಎಂದರೆ ಗಿರಾಕಿ ಕೊಟ್ಟ ದುಡ್ಡಿನಲ್ಲಿ ಆರು ಪಾಲು ಅಂದುಕೊಳ್ಳಬೇಡಿ. ಅಂಗಡಿಯವನದು, ದೊಡ್ಡ ಕಂಪನಿಯದು, ಸಣ್ಣ ಕಂಪನಿಯದು ಎಲ್ಲ ಕಳೆದು ಮಂಡಳಿಯ ಕೈಗೆ ಬಿದ್ದ ಚೂರಿನಲ್ಲಿ ಆರು ಪಾಲು. ಹಾಗಿದ್ದೂ ಸ್ಥಳೀಯ ಜ್ಞಾನಕ್ಕೆ ಬೆಲೆಯಿದೆ ಎಂದು ಕಾಗದದ ಮೇಲೆ ಒಪ್ಪಿಕೊಂಡ ಜಗತ್ತಿನ ಮೊದಮೊದಲ ಒಪ್ಪಂದಗಳಲ್ಲಿ ಅದೂ ಒಂದು. ಶಾಯಿ ಒಣಗಿ ಕೆಲವೇ ತಿಂಗಳಿಗೆ ಫೈಜರ್ ಯೋಜನೆಯಿಂದ ಹೊರನಡೆಯಿತು.

ದೊಡ್ಡ ಕಂಪನಿ ಬಿಟ್ಟುಹೋದ ಗಿಡದ ಮೇಲೆ ಜನರ ಮೋಹ ಇಳಿಯಬೇಕಿತ್ತು. ಏರಿತು. ಕಾರಣ ಟೀವಿ. 2003ರಲ್ಲಿ ಬಿಬಿಸಿಯ ವರದಿಗಾರ ಟಾಮ್ ಮ್ಯಾಂಗೋಲ್ಡ್ ಕಲಹಾರಿಗೆ ಹೋಗಿ ಹೂಡಿಯಾದ ತುಂಡು ತಿಂದು, ಹಸಿವೇ ಆಗಲಿಲ್ಲ ಎಂದರು. 2004ರಲ್ಲಿ ಅಮೆರಿಕದ ಸಿಕ್ಸ್ಟಿ ಮಿನಿಟ್ಸ್ ಕಾರ್ಯಕ್ರಮದ ಲೆಸ್ಲಿ ಸ್ಟಾಲ್ ಕೂಡ ತಿಂದರು, ಅವರಿಗೂ ದಿನವಿಡೀ ಹಸಿವಾಗಲಿಲ್ಲ. ಅದೇ ವರ್ಷ ಅಮೆರಿಕದಲ್ಲಿ ಎಫೆಡ್ರಾ ಎಂಬ ಗಿಡದ ತೂಕ ಇಳಿಸುವ ಮಾತ್ರೆಗಳನ್ನು ನಿಷೇಧಿಸಿದ್ದರು, ಹೃದಯಕ್ಕೆ ಅಪಾಯ ಎಂದು. ಖಾಲಿಯಾದ ಆ ಕಪಾಟಿಗೆ ಹೂಡಿಯಾ ಬಂದು ಕೂತಿತು. ಕ್ಯಾಪ್ಸೂಲು, ಚಹಾ, ಹನಿ, ಚ್ಯೂಯಿಂಗ್ ಗಮ್, ಯಾವುದು ಬೇಕು? ಇಮೇಲ್ ತೆರೆದರೆ ಹೂಡಿಯಾದ ಜಾಹೀರಾತು ರಾಶಿ ಬಿದ್ದಿರುತ್ತಿದ್ದ ಕಾಲ ಅದು.

ಒಬ್ಬ ವರದಿಗಾರ್ತಿ ಮರುಭೂಮಿಯಲ್ಲಿ, ಕ್ಯಾಮೆರಾ ಎದುರು, ಬಿಸಿಲಲ್ಲಿ, ಹೊಸ ಜಾಗದ ಉತ್ಸಾಹದಲ್ಲಿ ಒಂದು ದಿನ ಹಸಿವಾಗಲಿಲ್ಲ ಎಂದರೆ ಅದು ಪುರಾವೆಯಲ್ಲ. ಮದುವೆ ಮನೆಯಲ್ಲಿ ಓಡಾಡುವವರಿಗೂ ಹಸಿವಾಗುವುದಿಲ್ಲ. ಆದರೆ ಟೀವಿ ಮುಂದೆ ಕೂತವರಿಗೆ ಅಷ್ಟು ಸಾಕಾಯಿತು.

ಇಲ್ಲಿ ಒಂದು ಸರಳ ಲೆಕ್ಕವಿದೆ, ಆಗ ಕೊಂಡವರು ಹಾಕಲಿಲ್ಲ. ಹೂಡಿಯಾ ನಿಧಾನವಾಗಿ ಬೆಳೆಯುವ ಗಿಡ, ಬಳಕೆಗೆ ಬರುವಷ್ಟು ಬಲಿಯಲು ನಾಲ್ಕೈದು ವರ್ಷ ಬೇಕು. ಕಾಂಡದ ಬಹುಪಾಲು ನೀರು, ಒಣಗಿಸಿ ಪುಡಿ ಮಾಡಿದರೆ ಉಳಿಯುವುದು ಅಲ್ಪ. 2004ರ ಅಕ್ಟೋಬರಿನಲ್ಲಿ ಬ್ಯಾಂಕಾಕಿನಲ್ಲಿ ಸೇರಿದ್ದ ಸೈಟಿಸ್ ಸಭೆ, ಅಂದರೆ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತಾರಾಷ್ಟ್ರೀಯ ಒಪ್ಪಂದದ ಸಭೆ, ಹೂಡಿಯಾವನ್ನು ತನ್ನ ಎರಡನೇ ಪಟ್ಟಿಗೆ ಸೇರಿಸಿತು. ಪರವಾನಗಿ ಇಲ್ಲದೆ ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಹಾಗಿರುವಾಗ ಅಮೆರಿಕದ ಪ್ರತಿ ಅಂಗಡಿಯಲ್ಲೂ ಡಬ್ಬಿಗಟ್ಟಲೆ ಹೂಡಿಯಾ ಎಲ್ಲಿಂದ ಬಂತು? ಬಂದಿರಲಿಲ್ಲ. ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದಾಗ ಎಷ್ಟೋ ಡಬ್ಬಿಗಳಲ್ಲಿ ಹೂಡಿಯಾ ಹೆಸರಿಗೂ ಇರಲಿಲ್ಲ, ಕೆಲವದರಲ್ಲಿ ಪಾಪಾಸುಕಳ್ಳಿಯ ಪುಡಿ ಇತ್ತು. ಇತ್ತ ಕಲಹಾರಿಯಲ್ಲಿ ಕಳ್ಳರು ಕಾಡಿನ ಗಿಡಗಳನ್ನು ಬುಡಸಮೇತ ಕೀಳುತ್ತಿದ್ದರು. ನಮೀಬಿಯಾ, ದಕ್ಷಿಣ ಆಫ್ರಿಕಾಗಳ ರೈತರು ಸಾಲ ಮಾಡಿ ಹೂಡಿಯಾ ತೋಟ ಹಾಕಿದರು. ಬೇಸಾಯ ಮಾಡಿದವರಿಗೆ ಇದರ ಮುಂದಿನ ಕಥೆ ಹೇಳಬೇಕಾಗಿಲ್ಲ. ವೆನಿಲಾದ ಬೆಲೆ ಆಕಾಶಕ್ಕೇರಿ ಪಾತಾಳಕ್ಕಿಳಿದದ್ದನ್ನು ನಮ್ಮ ಮಲೆನಾಡಿನವರು ಕಂಡವರೇ.

ಸರಿ, ಅಸಲಿ ಹೂಡಿಯಾ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಅದು ಕೆಲಸ ಮಾಡುತ್ತದೆಯೇ?

ಜಾಹೀರಾತುಗಳು ತಪ್ಪದೆ ಹೇಳುತ್ತಿದ್ದ ಒಂದು ಸಂಶೋಧನೆ 2004ರದ್ದು, ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ್ದು. ನಮ್ಮ ಮಿದುಳಿನ ಬುಡದಲ್ಲಿ ಹೈಪೋಥಲಾಮಸ್ ಎಂಬ ಪುಟ್ಟ ಭಾಗವಿದೆ. ಮೈಯಲ್ಲಿ ಎಷ್ಟು ಶಕ್ತಿ ಉಳಿದಿದೆ, ಇನ್ನೆಷ್ಟು ಬೇಕು ಎಂಬ ಲೆಕ್ಕ ಅಲ್ಲಿ ನಡೆಯುತ್ತದೆ. ಇಲಿಗಳ ಮಿದುಳಿಗೆ ಪಿ57 ಚುಚ್ಚಿದಾಗ ಆ ಭಾಗದ ಜೀವಕೋಶಗಳಲ್ಲಿ ಎಟಿಪಿ, ಅಂದರೆ ಕೋಶಗಳು ಬಳಸುವ ಶಕ್ತಿಯ ಅಣು, ಶೇಕಡಾ 50ರಿಂದ 150ರಷ್ಟು ಹೆಚ್ಚಾಯಿತು. ಹೊಟ್ಟೆ ಖಾಲಿಯಿದ್ದರೂ ಮಿದುಳು ತುಂಬಿದೆ ಎಂದು ತಿಳಿಯಿತು. ಇಲಿಗಳು ಮುಂದಿನ 24 ಗಂಟೆಯಲ್ಲಿ ಶೇಕಡಾ 40ರಿಂದ 60ರಷ್ಟು ಕಡಿಮೆ ತಿಂದವು. ವಿವರಣೆ ಅಚ್ಚುಕಟ್ಟಾಗಿದೆ. ಒಂದೇ ತೊಡಕು. ಅದು ಮಿದುಳಿನೊಳಕ್ಕೆ ನೇರವಾಗಿ ಚುಚ್ಚಿದ ಮದ್ದು. ಬಾಯಿಂದ ನುಂಗಿದ್ದು ಜಠರದ ಆಮ್ಲ ದಾಟಿ, ಕರುಳಿನಿಂದ ರಕ್ತಕ್ಕೆ ಸೇರಿ, ಲಿವರಿನ ಕೈಯಿಂದ ತಪ್ಪಿಸಿಕೊಂಡು, ಮಿದುಳಿನ ಬಾಗಿಲು ದಾಟಿ ಅಲ್ಲಿಗೆ ತಲುಪಬೇಕು. ಇಲಿಯ ಮಿದುಳಿನ ಫಲಿತಾಂಶವನ್ನು ಮನುಷ್ಯನ ಕ್ಯಾಪ್ಸೂಲಿನ ಡಬ್ಬಿಯ ಮೇಲೆ ಅಚ್ಚು ಹಾಕಿದವರು ಈ ದಾರಿಯನ್ನು ಹೇಳಲಿಲ್ಲ.

ಮನುಷ್ಯರ ಮೇಲಿನ ಪರೀಕ್ಷೆಯೂ ಆಗಿತ್ತು ಎನ್ನುತ್ತಿತ್ತು ಫೈಟೋಫಾರ್ಮ್. ಹೂಡಿಯಾ ಸಾರ ತೆಗೆದುಕೊಂಡವರು ದಿನಕ್ಕೆ ಸುಮಾರು ಸಾವಿರ ಕ್ಯಾಲರಿ ಕಡಿಮೆ ತಿಂದರು ಎಂದು 2001ರಲ್ಲಿ ಪ್ರಕಟಿಸಿತು. ಸಾವಿರ ಕ್ಯಾಲರಿ ಸಣ್ಣ ಮಾತಲ್ಲ, ನಮ್ಮ ಲೆಕ್ಕದಲ್ಲಿ ಒಂದು ಹೊತ್ತಿನ ಪೂರ್ತಿ ಊಟಕ್ಕೂ ಮಿಗಿಲು. ಆದರೆ ಇದು ಪುಟ್ಟ ಗುಂಪಿನ ಮೇಲೆ, ಕೆಲವೇ ದಿನ ನಡೆದ ಪ್ರಯೋಗ, ಹೇಳಿದ್ದು ಕಂಪನಿಯ ಪತ್ರಿಕಾ ಪ್ರಕಟಣೆ. ಇನ್ನೊಂದು ಕಡೆಯಿಂದ ಬೇರೆಯೇ ಮಾತು ಬಂತು. ಫೈಜರಿನಲ್ಲಿ ಹೂಡಿಯಾ ಸಂಶೋಧನೆ ನೋಡಿಕೊಂಡಿದ್ದ ಜಸ್ಜಿತ್ ಬಿಂದ್ರಾ 2005ರಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಪತ್ರ ಬರೆದರು. ಗಿಡದಲ್ಲಿರುವ ಬೇರೆ ಅಂಶಗಳು ಲಿವರಿನ ಮೇಲೆ ಬೇಡದ ಪರಿಣಾಮ ಮಾಡುವ ಸೂಚನೆ ಕಂಡಿತ್ತು, ಅವನ್ನು ಬೇರ್ಪಡಿಸುವುದು ಸುಲಭವಿರಲಿಲ್ಲ ಎಂಬುದು ಅದರ ತಿರುಳು. ಒಳಗಿದ್ದು ಕಂಡವರು ಎಚ್ಚರಿಸಿದರೂ ಮಾರುಕಟ್ಟೆ ಕಿವಿಗೊಡಲಿಲ್ಲ.

ಕೊನೆಗೆ ಪ್ರಶ್ನೆಗೆ ಉತ್ತರ ಕಂಡುಕೊಂಡದ್ದು ಯೂನಿಲಿವರ್. ಫೈಜರ್ ಬಿಟ್ಟ ಜಾಗಕ್ಕೆ 2004ರ ಡಿಸೆಂಬರಿನಲ್ಲಿ ಈ ಕಂಪನಿ ಬಂತು. ತನ್ನ ಸ್ಲಿಮ್‌ಫಾಸ್ಟ್ ಪಾನೀಯಗಳಲ್ಲಿ ಹೂಡಿಯಾ ಬೆರೆಸುವುದು ಅದರ ಲೆಕ್ಕಾಚಾರ. ದಕ್ಷಿಣ ಆಫ್ರಿಕಾದಲ್ಲಿ ತೋಟಗಳೆದ್ದವು. ಅಷ್ಟು ದುಡ್ಡು ಸುರಿದವರಿಗೆ ಒಳ್ಳೆಯ ಫಲಿತಾಂಶವೇ ಬೇಕಿರುತ್ತದೆ ಅಲ್ಲವೇ? ಅದಕ್ಕೇ ಅವರ ಪ್ರಯೋಗಕ್ಕೆ ತೂಕ ಹೆಚ್ಚು. ತೂಕ ಜಾಸ್ತಿಯಿದ್ದ, ಬೇರೇನೂ ಕಾಯಿಲೆಯಿಲ್ಲದ 49 ಮಹಿಳೆಯರನ್ನು ಆರಿಸಿಕೊಂಡರು. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 25 ಮಂದಿಗೆ ಶುದ್ಧೀಕರಿಸಿದ ಹೂಡಿಯಾ ಸಾರ, 24 ಮಂದಿಗೆ ಸಾರವಿಲ್ಲದ ಹುಸಿಮದ್ದು. ಎರಡನ್ನೂ ಮೊಸರಿನ ಪಾನೀಯದಲ್ಲಿ ಬೆರೆಸಿ, ಬೆಳಗಿನ ತಿಂಡಿಗೆ ಮತ್ತು ರಾತ್ರಿ ಊಟಕ್ಕೆ ಒಂದು ಗಂಟೆ ಮುಂಚೆ ಕೊಟ್ಟರು. ಸಾರದ ಪ್ರಮಾಣ ಹೊತ್ತಿಗೆ 1110 ಮಿಲಿಗ್ರಾಂ. ಊಟ ಬೇಕಾದಷ್ಟು. ಯಾರು ಎಷ್ಟು ತಿಂದರು ಎಂಬ ಲೆಕ್ಕ 15 ದಿನ ಇಟ್ಟರು.

ಫಲಿತಾಂಶ 2011ರಲ್ಲಿ ಅಮೆರಿಕದ ಪೌಷ್ಟಿಕಾಂಶ ವಿಜ್ಞಾನದ ಪ್ರಮುಖ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೂಡಿಯಾ ಕುಡಿದವರು ತಿಂದದ್ದಕ್ಕೂ ಹುಸಿಮದ್ದು ಕುಡಿದವರು ತಿಂದದ್ದಕ್ಕೂ ಲೆಕ್ಕಕ್ಕೆ ಹಿಡಿಯುವಂಥ ವ್ಯತ್ಯಾಸವಿರಲಿಲ್ಲ. ತೂಕದಲ್ಲೂ ಇರಲಿಲ್ಲ. ವ್ಯತ್ಯಾಸ ಕಂಡದ್ದು ಬೇರೆ ಕಡೆ. ಹೂಡಿಯಾ ಗುಂಪಿನಲ್ಲಿ ವಾಕರಿಕೆ, ವಾಂತಿ, ಚರ್ಮದಲ್ಲಿ ಏನೋ ಹರಿದಾಡಿದಂಥ ಕಿರಿಕಿರಿ. ರಕ್ತದೊತ್ತಡ ಏರಿತು, ನಾಡಿ ಬಡಿತ ಏರಿತು. ರಕ್ತದಲ್ಲಿ ಬಿಲಿರುಬಿನ್ ಏರಿತು, ಆಲ್ಕಲೈನ್ ಫಾಸ್ಫಟೇಸ್ ಏರಿತು. ಈ ಎರಡು ಹೆಸರುಗಳನ್ನು ಲಿವರ್ ಪರೀಕ್ಷೆಯ ವರದಿಯಲ್ಲಿ ನೀವೂ ನೋಡಿರುತ್ತೀರಿ. ಯೂನಿಲಿವರ್ 2008ರ ನವೆಂಬರಿನಲ್ಲೇ ಯೋಜನೆಯಿಂದ ಕೈತೊಳೆದುಕೊಂಡಿತ್ತು. ಸುರಕ್ಷತೆಯಲ್ಲೂ ಪರಿಣಾಮದಲ್ಲೂ ತನ್ನ ಮಾನದಂಡ ಮುಟ್ಟುತ್ತಿಲ್ಲ ಎಂಬುದು ಅದು ಕೊಟ್ಟ ಕಾರಣ. ಅಷ್ಟರಲ್ಲಿ ಖರ್ಚಾಗಿದ್ದು ಸುಮಾರು 2 ಕೋಟಿ ಯೂರೋ. 2010ರಲ್ಲಿ ಫೈಟೋಫಾರ್ಮ್ ಹಕ್ಕುಗಳನ್ನು ಸಿಎಸ್‌ಐಆರ್‌ಗೆ ವಾಪಸು ಕೊಟ್ಟಿತು. ಕಲಹಾರಿಯ ಗಿಡ ಸುತ್ತಾಡಿ ಹೊರಟಲ್ಲಿಗೇ ಬಂತು.

ಹಾಗಾದರೆ ಸಾನ್ ಬೇಟೆಗಾರ ಸುಳ್ಳು ಹೇಳಿದನೇ? ಮಾರ್ಲಾತ್ ಸುಳ್ಳು ಬರೆದನೇ? ನನಗೆ ಹಾಗನಿಸುವುದಿಲ್ಲ. ಅವರು ತಿಂದದ್ದು ಹಸಿ ಕಾಂಡ, ಮೊಸರಿನ ಪಾನೀಯದಲ್ಲಿ ಕರಗಿಸಿದ ಸಾರವಲ್ಲ. ತಿಂದದ್ದು ಅಪರೂಪಕ್ಕೆ, ದಿನಕ್ಕೆರಡು ಸಲ ವಾರಗಟ್ಟಲೆ ಅಲ್ಲ. ಸುಡುಬಿಸಿಲಲ್ಲಿ ಬರಿಹೊಟ್ಟೆಯಲ್ಲಿ ನಡೆಯುವವನಿಗೆ ನೀರಿನ ಅಂಶವೇ ಅರ್ಧ ಜೀವ. ಕಹಿಯಾದದ್ದನ್ನು ಅಗಿದ ಮೇಲೆ ತಿನ್ನುವ ಆಸೆ ಕೊಂಚ ಹಿಂಜರಿಯುವುದೂ ಸಹಜ. ಇನ್ನು ಮಾರ್ಲಾತ್ ಇಡೀ ದಿನ ಉಣ್ಣಲಾಗದೆ ಇದ್ದದ್ದು ಗಿಡದ ಗುಣವೋ, ಹೊಟ್ಟೆ ತೊಳಸಿದ್ದರ ಫಲವೋ? ವಾಕರಿಕೆಯೂ ಹಸಿವನ್ನು ಕೊಲ್ಲುತ್ತದೆ. ಯೂನಿಲಿವರಿನ ಪ್ರಯೋಗ ಓದಿದ ಮೇಲೆ ಈ ಅನುಮಾನ ಬಾರದಿರದು. ಸಂಪ್ರದಾಯದ ತಿಳಿವಳಿಕೆಯಲ್ಲಿ ಗಿಡ ಮಾತ್ರ ಇರುವುದಿಲ್ಲ. ಎಷ್ಟು, ಯಾವಾಗ, ಯಾರು, ಯಾತಕ್ಕೆ ಎಂಬುದೂ ಅದರ ಭಾಗ. ಕಂಪನಿಗಳು ಗಿಡವನ್ನು ಹೊತ್ತೊಯ್ದವು, ಉಳಿದದ್ದನ್ನು ಅಲ್ಲೇ ಬಿಟ್ಟವು. ಆಮೇಲೆ ಡಬ್ಬಿಯ ಮೇಲೆ ಮಾತ್ರ ಬಿಲ್ಲು ಹಿಡಿದ ಬೇಟೆಗಾರನ ಚಿತ್ರ ಅಚ್ಚಾಯಿತು.

ಇದೇ ಎಕ್ಕದ ಕುಟುಂಬದ ಇನ್ನೊಂದು ರಸಭರಿತ ಗಿಡ ನಮ್ಮಲ್ಲೇ ಇದೆ. ಬಯಲುಸೀಮೆಯ ಕಲ್ಲುಗುಡ್ಡ, ಬೇಲಿಯ ಬುಡ, ಕುರುಚಲು ಕಾಡುಗಳಲ್ಲಿ ನಾಲ್ಕು ಏಣಿನ, ಎಲೆಯಿಲ್ಲದ, ಬೆರಳು ಗಾತ್ರದ ಕಾಂಡಗಳು ಮೇಲೆದ್ದಿರುತ್ತವೆ. ಮಂಗನ ಕೋಡು ಎನ್ನುತ್ತಾರೆ. ತೆಲುಗರಿಗೆ ಕುಂದೇಟಿ ಕೊಮ್ಮು, ತಮಿಳರಿಗೆ ಕಳ್ಳಿಮುಳೈಯಾನ್. ವಿಜ್ಞಾನಿಗಳ ಬಾಯಲ್ಲಿ ಕ್ಯಾರಲುಮಾ. ಬರಗಾಲದಲ್ಲಿ ಹಸಿಯಾಗಿಯೇ ತಿನ್ನುತ್ತಿದ್ದರು, ಕೆಲವೆಡೆ ಪಲ್ಯ, ಉಪ್ಪಿನಕಾಯಿಯೂ ಉಂಟು. ಹೂಡಿಯಾದ ಹುಚ್ಚು ಏರಿದ್ದ ದಿನಗಳಲ್ಲೇ ಇದರ ಸಾರವೂ ತೂಕ ಇಳಿಸುವ ಮದ್ದಾಗಿ ವಿದೇಶಿ ಮಾರುಕಟ್ಟೆಗೆ ಹೋಯಿತು. ಮಾರುವವರು ಹೇಳುತ್ತಿದ್ದ ಕಥೆ ಕೇಳಿ: ಭಾರತದ ಆದಿವಾಸಿಗಳು ಬೇಟೆಗೆ ಹೋಗುವಾಗ ಇದರ ತುಂಡು ಕಟ್ಟಿಕೊಂಡು ಹೋಗಿ ಹಸಿವು ಕಳೆಯುತ್ತಿದ್ದರು! ಕಲಹಾರಿ ಬದಲು ಭಾರತ, ಸಾನ್ ಬದಲು ನಮ್ಮವರು, ಅಷ್ಟೇ ವ್ಯತ್ಯಾಸ. ಬರಗಾಲದಲ್ಲಿ ಬೇರೇನೂ ಸಿಗದೆ ತಿಂದದ್ದನ್ನು ಹಸಿವು ಕೊಲ್ಲುವ ಗುಣವೆಂದು ತಿರುಗಿಸಿ ಹೇಳುವುದು ಸುಲಭ. ಬರದಲ್ಲಿ ಜನ ಹುಣಸೆ ಬೀಜವನ್ನೂ ತಿಂದಿದ್ದಾರೆ.

ಆದರೆ ಈ ಗಿಡದ ಮೇಲೆ ಪ್ರಯೋಗ ನಡೆದದ್ದು ನಮ್ಮ ಬೆಂಗಳೂರಿನಲ್ಲೇ, ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯಲ್ಲಿ. 2007ರಲ್ಲಿ ಪ್ರಕಟವಾಯಿತು. ತೂಕ ಹೆಚ್ಚಿದ್ದ 50 ಮಂದಿ ಗಂಡಸರು, ಹೆಂಗಸರಿಗೆ 60 ದಿನ ದಿನಕ್ಕೊಂದು ಗ್ರಾಂ ಕ್ಯಾರಲುಮಾ ಸಾರ ಅಥವಾ ಹುಸಿಮದ್ದು. ಜೊತೆಗೆ ಎರಡೂ ಗುಂಪಿಗೆ ಆಹಾರ ಮತ್ತು ವ್ಯಾಯಾಮದ ಸಲಹೆ. ಸಾರ ತೆಗೆದುಕೊಂಡವರಲ್ಲಿ ಸೊಂಟದ ಸುತ್ತಳತೆ ಮತ್ತು ಅವರೇ ಹೇಳಿಕೊಂಡ ಹಸಿವಿನ ಮಟ್ಟ ಹೆಚ್ಚು ಇಳಿಯಿತು. ಆದರೆ ತೂಕ, ಕೊಬ್ಬು, ತಿಂದ ಆಹಾರದ ಪ್ರಮಾಣ ಇವುಗಳಲ್ಲಿ ಎರಡು ಗುಂಪುಗಳ ನಡುವೆ ಖಚಿತ ವ್ಯತ್ಯಾಸ ಸಿಗಲಿಲ್ಲ. ಹೂಡಿಯಾಗಿಂತ ವಾಸಿ ಎನ್ನಬಹುದು. ಬೊಜ್ಜಿಗೆ ಮದ್ದು ಎನ್ನುವಷ್ಟು ಪುರಾವೆ ಅಲ್ಲ. ಆಮೇಲೆ ಬಂದ ಪ್ರಯೋಗಗಳೂ ಒಂದು ಹೌದು, ಒಂದು ಇಲ್ಲ ಎನ್ನುತ್ತಲೇ ಇವೆ.

ಹಸಿವು ಒಂದು ಸ್ವಿಚ್ಚಿನಿಂದ ಆರುವಂಥದ್ದಲ್ಲ ಎಂಬುದೇ ಇಂಥ ಮದ್ದುಗಳ ಮೂಲ ಕಷ್ಟ. ಜಠರದಿಂದ ಗ್ರೆಲಿನ್, ಕೊಬ್ಬಿನಿಂದ ಲೆಪ್ಟಿನ್, ಕರುಳಿನಿಂದ ಇನ್ನೂ ಹಲವು ಸಂದೇಶಗಳು ಮಿದುಳಿಗೆ ಹೋಗುತ್ತಿರುತ್ತವೆ. ಒಂದನ್ನು ತಡೆದರೆ ಇನ್ನೊಂದು ಎದ್ದು ಕೂರುತ್ತದೆ. ಲಕ್ಷಾಂತರ ವರ್ಷ ಉಪವಾಸದ ಭಯದಲ್ಲಿ ಬದುಕಿದ ದೇಹಕ್ಕೆ ಹಸಿವು ಜೀವರಕ್ಷಕ, ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದನ್ನು ಬಲವಂತವಾಗಿ ಅದುಮಿದ ಔಷಧಗಳ ಚರಿತ್ರೆ ಚೆನ್ನಾಗಿಲ್ಲ. ಫೆನ್‌ಫ್ಲುರಮಿನ್ ಹೃದಯದ ಕವಾಟ ಕೆಡಿಸಿ 1997ರಲ್ಲಿ ಮಾರುಕಟ್ಟೆಯಿಂದ ಹೋಯಿತು. ಸಿಬುಟ್ರಮಿನ್ 2010ರಲ್ಲಿ ಹೋಯಿತು, ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯಕ್ಕಾಗಿ. ಮಜಾ ಎಂದರೆ, ಹಸಿವು ನಿಜಕ್ಕೂ ತಗ್ಗಿಸುವ ಮದ್ದಿನ ಸುಳಿವು ಕೊನೆಗೂ ಮರುಭೂಮಿಯಿಂದಲೇ ಸಿಕ್ಕಿತು, ಗಿಡದಿಂದಲ್ಲ, ಒಂದು ಹಲ್ಲಿಯಿಂದ. ಅಮೆರಿಕದ ಮರುಭೂಮಿಯ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯಲ್ಲಿ ಜಾನ್ ಎಂಗ್ ಎಂಬ ವೈದ್ಯ ವಿಜ್ಞಾನಿ 1992ರಲ್ಲಿ ಕಂಡುಹಿಡಿದ ಅಣುವಿನಿಂದ 2005ರಲ್ಲಿ ಮಧುಮೇಹದ ಮದ್ದೊಂದು ಬಂತು. ಇಂದು ನಮ್ಮ ನಗರಗಳ ವೈದ್ಯರು ಬರೆದುಕೊಡುವ ತೂಕ ಇಳಿಸುವ ಇಂಜೆಕ್ಷನ್‌ಗಳು ಆ ವರ್ಗದ ಮುಂದಿನ ತಲೆಮಾರಿನವು. ಅವಕ್ಕೂ ಅಡ್ಡಪರಿಣಾಮವಿದೆ, ಬೆಲೆಯೂ ದುಬಾರಿ. ಆದರೆ ಸಾವಿರಾರು ಜನರ ಮೇಲೆ ಪರೀಕ್ಷೆಯಾಗಿ, ಅಡ್ಡಪರಿಣಾಮ ಏನೆಂದು ಕಾಗದದಲ್ಲಿ ಬರೆದು ಕೊಡುತ್ತಾರೆ. ಗಿಡಮೂಲಿಕೆ ಡಬ್ಬಿಯ ಮೇಲೆ ಆ ಕಾಗದ ಇರುವುದಿಲ್ಲ.

ಸಾನ್ ಜನರಿಗೆ ಏನು ಸಿಕ್ಕಿತು? ಆರಂಭದ ಹಂತಗಳ ಪಾವತಿಯಲ್ಲಿ ಒಂದಿಷ್ಟು ಪಾಲು ಬಂತು. ಮಾರಾಟವೇ ಆಗದ ಔಷಧದ ರಾಯಲ್ಟಿ ಬರಲಿಲ್ಲ. ಆದರೆ ಮಾತುಕತೆ ಮಾಡುವುದನ್ನು ಅವರು ಕಲಿತರು. 2017ರಲ್ಲಿ, ತಮ್ಮನ್ನು ಅಧ್ಯಯನ ಮಾಡಲು ಬರುವವರು ಹೇಗೆ ನಡೆದುಕೊಳ್ಳಬೇಕು ಎಂಬ ಸಂಹಿತೆಯನ್ನು ತಾವೇ ಬರೆದು ಪ್ರಕಟಿಸಿದರು. 2019ರಲ್ಲಿ ರೂಯಿಬೋಸ್ ಚಹಾದ ಉದ್ಯಮ, ಆ ಗಿಡದ ತಿಳಿವಳಿಕೆ ಸಾನ್ ಮತ್ತು ಖೋಯಿ ಜನರದ್ದು ಎಂದು ಒಪ್ಪಿ, ತೋಟದ ಬಾಗಿಲಿನ ಬೆಲೆಯ ಶೇಕಡಾ 1.5ರಷ್ಟನ್ನು ಅವರಿಗೆ ಕೊಡಲು ಸಹಿ ಹಾಕಿತು. ನಮ್ಮ ನೆರೆಯ ಕೇರಳದಲ್ಲಿ ಇಂಥದ್ದು ಇನ್ನೂ ಮೊದಲೇ ಆಗಿತ್ತು. ಅಗಸ್ತ್ಯಮಲೆಯ ಕಾಣಿ ಜನ ದಣಿವಾಗದಿರಲೆಂದು ತಿನ್ನುತ್ತಿದ್ದ ಆರೋಗ್ಯಪಚ್ಚದಿಂದ ತಯಾರಾದ ಜೀವನಿ ಔಷಧದ ಹಕ್ಕನ್ನು 1995ರಲ್ಲಿ ಕಂಪನಿಯೊಂದಕ್ಕೆ ಕೊಟ್ಟಾಗ, ಬಂದ ಶುಲ್ಕ ಮತ್ತು ರಾಯಲ್ಟಿಯಲ್ಲಿ ಅರ್ಧ ಕಾಣಿ ಜನರಿಗೆ ಎಂದು ಆ ಔಷಧ ರೂಪಿಸಿದ ಸಂಶೋಧನಾ ಸಂಸ್ಥೆ ತಾನೇ ತೀರ್ಮಾನಿಸಿತ್ತು. ಶೇಕಡಾ 6ಕ್ಕೂ ಅರ್ಧಕ್ಕೂ ಇರುವ ಅಂತರವನ್ನು ಓದುಗರೇ ಅಳೆದುಕೊಳ್ಳಲಿ.

ಇನ್ನು ಮಾತ್ರೆಯ ಮಾತು. ಡಬ್ಬಿಯ ಮೇಲೆ ಹೂಡಿಯಾ ಎಂದಿದ್ದರೆ ಒಳಗೆ ಹೂಡಿಯಾ ಇರುವ ಖಾತರಿಯಿಲ್ಲ. ಇದ್ದರೆ ಹಸಿವು ತಗ್ಗುವ ಪುರಾವೆಯಿಲ್ಲ, ಬಿಪಿ ಏರುವ ಪುರಾವೆಯಿದೆ. ಮಧುಮೇಹಕ್ಕೆ, ಬಿಪಿಗೆ, ಹೃದಯಕ್ಕೆ ಮಾತ್ರೆ ನುಂಗುತ್ತಿರುವವರು, ಲಿವರಿನ ತೊಂದರೆಯಿರುವವರು, ಬಸುರಿಯರು, ಬಾಣಂತಿಯರು ಇಂಥ ಯಾವ ಡಬ್ಬಿಯನ್ನೂ ತೆರೆಯಬೇಡಿ. ಈಗಾಗಲೇ ಕೊಂಡು ತಿನ್ನುತ್ತಿದ್ದರೆ ನಿಲ್ಲಿಸಿ, ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ.